ಎರಡನೇ ಹಾರ

ಬಾಳೆನಾರನ್ನು ನೀರಿನಲ್ಲಿ ಅದ್ದಿ, ಉಗುರಿನಿಂದ ಸೀಳಿ, ಸಣ್ಣತಾಯಮ್ಮ ಎರಡನೇ ಹೂವಿನ ಹಾರಕ್ಕೆ ಮೊದಲ ಗಂಟು ಹಾಕುತ್ತಿದ್ದಾಗ ಅವಳ ಮೇಲೆ ಪಟ್ಟಲಮ್ಮನ ನೆರಳು ಬಿತ್ತು.

"ಗಂಡಿನ ಆರ ಮುಗೀತಲ್ಲ. ಇದ್ಯಾರಿಗೆ?"

ಸಣ್ಣತಾಯಮ್ಮ ತಲೆ ಎತ್ತಲಿಲ್ಲ. "ನಂಗೆ ಕಣತ್ತೆ."

ಪಟ್ಟಲಮ್ಮ ಹಿತ್ತಿಲ ಬಾಗಿಲನ್ನು ಎಳೆದುಕೊಂಡು ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅವಳ ತಮ್ಮ, ಸಣ್ಣತಾಯಮ್ಮನ ಅಪ್ಪ ಹೊನ್ನಯ್ಯನ ಹೆಂಡತಿ ತೀರಿಕೊಂಡ ಮೇಲೆ ಬೆಳಕವಾಡಿಯ ಈ ಮನೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ನೋಡಿಕೊಂಡವಳು ಅವಳೇ. ಸಣ್ಣತಾಯಮ್ಮನಂತೆ ಅವಳೂ ಗಂಡನಿಲ್ಲದವಳು.

"ಗಂಡ ಸತ್ತೋರ ಸೀರುಡಿಕೆಗೆ ಊವ ಮುಡಿದೋರ ಎಲ್ಲಾರ ಕಂಡಿದ್ಯಾ? ಇದು ಮದ್ವೆ ಅಲ್ಲ ಕಣೆ. ಅವ್ನು ಸೀರೆ ಕೊಡ್ತಾನೆ, ನೀನು ಉಟ್ಕತೀಯ, ತಾಳಿ ಕಟ್ಟುಸ್ಕತೀಯ, ಓಯ್ತೀಯ. ಮುತ್ತೈದೇರು ಇತ್ಲಾಗೆ ತಲೆ ಆಕಲ್ಲ. ಗಂಡಿನ ಆರ ಕಟ್ಟಕ್ಕೆ ಬ್ಯಾರೆ ಯಾರೂ ಬರನಿಲ್ಲ ಅಂತ ನಿನ್ನ ಕೈಲಿ ಕಟ್ಟುಸ್ದೊ."

"ವಾಲ್ಗ ನಾ ಕೇಳ್ನಿಲ್ಲ. ಚಪ್ರಾನೂ ಕೇಳ್ನಿಲ್ಲ."

ಹನ್ನೊಂದನೇ ವಯಸ್ಸಿಗೆ ಸಣ್ಣತಾಯಮ್ಮನನ್ನು ಆತಗೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಹದಿನಾಲ್ಕಕ್ಕೆ ಗಂಡ ಚಳಿಜ್ವರದಲ್ಲಿ ಹೋದ. ತೌರಿಗೆ ಬಂದ ವರ್ಷವೇ ಅವಳು ಹಿತ್ತಿಲಲ್ಲಿ ಮಲ್ಲಿಗೆ, ಕನಕಾಂಬರ, ಮರುಗ ನೆಟ್ಟಳು. ಎಂಟು ವರ್ಷ ಬಾವಿಯಿಂದ ನೀರು ಸೇದಿ ಹೊಯ್ದಳು. ಕಿತ್ತು ಮುಡಿದವರು ತಂಗಿ ಮತ್ತು ಅಕ್ಕಪಕ್ಕದ ಮನೆಯ ಹೆಂಗಸರು. ಇವತ್ತು ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಎದ್ದು, ಸಂಜೆಯವರೆಗೂ ಬಿರಿಯದ ಮೊಗ್ಗುಗಳನ್ನೇ ಒಂದೊಂದಾಗಿ ಆಯ್ದಿದ್ದಳು. ನಾಲ್ಕು ಮೊಗ್ಗಿಗೆ ಒಂದು ಕನಕಾಂಬರ, ನಡುವೆ ಒಂದು ಎಸಳು ಮರುಗ. ಕೈ ಮರೆತಿರಲಿಲ್ಲ.

ಪಟ್ಟಲಮ್ಮ ದನಿ ತಗ್ಗಿಸಿದಳು. "ರಾಮಲಿಂಗಯ್ನೋರು ಊರ ಯಜಮಾನ್ರು. ನಿನ್ನ ಕೊಳ್ಳಾಗೆ ಊವ ಕಂಡು ಅವ್ರು ಎದ್ದೋದ್ರೆ ಏನಾಯ್ತದೆ ಗೊತ್ತಾ? ಅವ್ರ ಅಣ್ಣನ ಮಗನ್ಗೇ ಅಲ್ವಾ ನಿನ್ನ ತಂಗೀನ ಕೇಳಿರಾದು?"

ಸಣ್ಣತಾಯಮ್ಮನ ಬೆರಳು ನಿಂತಿತು. ಹೂವಿನ ಮೊರವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದಳು. ತಂಗಿ ಚಿಕ್ಕಲಕ್ಷ್ಮಮ್ಮ ಹಿತ್ತಿಲ ಕಿಟಕಿಯ ಪಕ್ಕದ ಒಲೆಯ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆಂಬುದು ಅವಳ ಮುಖದಲ್ಲೇ ಇತ್ತು.

"ನೀನೇನಂತೀಯೆ ಲಕ್ಸ್ಮಿ?"

ಚಿಕ್ಕಲಕ್ಷ್ಮಮ್ಮ ಸೌದೆಯನ್ನು ಒಲೆಯೊಳಕ್ಕೆ ನೂಕಿದಳು. "ನಂಗೆ ಆ ಮನೆಗೆ ಓಗ್ಬೇಕು ಅಂತ ಆಸೆ ಅದೆ ಕಣಕ್ಕ," ಎಂದಳು.

ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸಣ್ಣತಾಯಮ್ಮನಿಗೆ. ಹಿತ್ತಿಲಿಗೆ ಮರಳಿ ಬಂದು ಮೊರದ ಮುಂದೆ ಕೂತಳು. ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು. ಬಿಸಿಲು ಮೊರದ ಅಂಚಿಗೆ ಬಂದಾಗ ಅದನ್ನು ನೆರಳಿಗೆ ಎಳೆದುಕೊಂಡು, ಬಿಟ್ಟ ಗಂಟಿನಿಂದಲೇ ಮತ್ತೆ ಕಟ್ಟತೊಡಗಿದಳು.

ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸೀರುಡಿಕೆಯ ಗಂಡು ಮುದ್ದಯ್ಯ ಇಬ್ಬರು ನೆಂಟರ ಜೊತೆ ಇಳಿದಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಮೊದಲ ಹೆಂಡತಿ ಬಾಣಂತನದಲ್ಲಿ ಸತ್ತು ಎರಡು ವರ್ಷವಾಗಿತ್ತು ಅವನಿಗೆ. ನಡುಮನೆಯಲ್ಲಿ ರಾಮಲಿಂಗಯ್ಯನೂ ಊರಿನ ಇನ್ನಿಬ್ಬರೂ ಕೂತಿದ್ದರು. ಹೊನ್ನಯ್ಯ ಮುದ್ದಯ್ಯನ ಕೊರಳಿಗೆ ಹಾರ ಹಾಕಿ, ತಂದ ಸೀರೆಯನ್ನು ಒಳಕ್ಕೆ ಕಳಿಸಿದ.

ಸಣ್ಣತಾಯಮ್ಮ ಆ ಸೀರೆ ಉಟ್ಟು ಹೊರಗೆ ಬಂದಳು. ಕೊರಳಲ್ಲಿ ಹಾರವಿತ್ತು.

ರಾಮಲಿಂಗಯ್ಯ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಮತ್ತೆ ಕೂತರು.

"ಏನೊನ್ನಯ್ಯ ಇದು?"

ಹೊನ್ನಯ್ಯ ಮಗಳ ಕಡೆ ನೋಡಿದ. "ತೆಗಿಯವ್ವ," ಎಂದ. ಅದು ಹೇಳಿದಂತಿರಲಿಲ್ಲ, ಬೇಡಿದಂತಿತ್ತು.

"ಅವ್ರ ಕೊಳ್ಳಾಗಿರಾದೂ ಊವಲ್ವಾ ಅಪ್ಪ? ಅವ್ರಿಗೂ ಇದು ಎರಡ್ನೇದೇಯ."

"ಗಂಡಸಿನ ಮಾತು ಬ್ಯಾರೆ," ಎಂದರು ರಾಮಲಿಂಗಯ್ಯ. "ನಮ್ಮಲ್ಲಿ ಇಲ್ದಿದ್ದ ನಡುಸ್ಬ್ಯಾಡ. ಮೊದ್ಲು ಅದ ತೆಗೀಲಿ, ಆಮ್ಯಾಕೆ ಮುಂದ್ಲ ಮಾತು."

ಮುದ್ದಯ್ಯ ತನ್ನ ಹಾರವನ್ನು ಮೆಲ್ಲಗೆ ತೆಗೆದು ಚಾಪೆಯ ಮೇಲಿಟ್ಟ.

"ಅವ್ರಿಗಿಲ್ದಿದ್ದು ನಂಗೂ ಬ್ಯಾಡ ಬುಡಿ ಗೌಡ್ರೆ."

ರಾಮಲಿಂಗಯ್ಯನ ಮುಖ ಸಡಿಲವಾಯಿತು. "ನೋಡವ್ವ, ಗಂಡು ತಿಳ್ದೋನು. ಇನ್ನು ನೀನೂ ತೆಗಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ಪಟ್ಟಲಮ್ಮ ಕಣ್ಣಲ್ಲೇ ಬೇಡಿದಳು. ಮುದ್ದಯ್ಯ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಇಲ್ಲ ಅನ್ನುವುದು ಅದಕ್ಕೇ ಸಣ್ಣತಾಯಮ್ಮನಿಗೆ ಕಷ್ಟವಾಯಿತು. ಅವಳು ಬಗ್ಗಿ ಚಾಪೆಯ ಮೇಲಿನ ಹಾರವನ್ನು ಎತ್ತಿಕೊಂಡಳು.

"ಎರಡೂ ನಾನೇ ಆಯ್ದು, ಸಮವಾಗಿ ಕಟ್ಟಿವ್ನಿ. ಇಬ್ರೂ ಬರೀ ಕೊಳ್ಳಾಗೆ ನಿಂತ್ಕಳಾದು ನಂಗೆ ಬ್ಯಾಡ. ಆಕ್ಕಳ್ಳಿ. ಆಗಲ್ಲ ಅಂದ್ರೆ ಸೀರೆ ಬಿಚ್ಕೊಡ್ತೀನಿ, ತಕ್ಕೊಂಡೋಗಿ."

ಮುದ್ದಯ್ಯ ಅವಳನ್ನು ಆಗ ಸರಿಯಾಗಿ ನೋಡಿದ. ಊರ ಯಜಮಾನರನ್ನು ನೋಡಿದ. ನೆಂಟರಲ್ಲೊಬ್ಬ ಅವನ ಅಂಗಿಯನ್ನು ಹಿಂದಿನಿಂದ ಜಗ್ಗಿದ. ಅವನು ಅದನ್ನು ಬಿಡಿಸಿಕೊಂಡು, ತಲೆ ಬಗ್ಗಿಸಿದ. ಸಣ್ಣತಾಯಮ್ಮ ಹಾರ ಹಾಕಿದಳು.

ರಾಮಲಿಂಗಯ್ಯ ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. "ಇನ್ನು ಈ ಮನೆ ಉಸಾಬರಿ ನಮಗೆ ಬ್ಯಾಡ ಒನ್ನಯ್ಯ. ಚಿಕ್ಕವಳ ಮಾತೂ ಬ್ಯಾಡ." ಇನ್ನಿಬ್ಬರೂ ಅವರ ಹಿಂದೆ ಹೊರಟರು. ಹೊನ್ನಯ್ಯ ಬೀದಿಗೆ ಓಡಿದ. "ಗೌಡ್ರೆ, ಒಸಿ ನಿಂತ್ಕಳಿ, ನಿಮ್ಮ ಕಾಲು ಕಟ್ಕತೀನಿ," ಎಂಬ ದನಿ ದೂರದೂರ ಹೋಗಿ ನಿಂತಿತು. ಅಡುಗೆಮನೆಯಲ್ಲಿ ಚಿಕ್ಕಲಕ್ಷ್ಮಮ್ಮ ಬಿಕ್ಕುವುದು ಕೇಳಿಸಿತು. ಸಣ್ಣತಾಯಮ್ಮ ನಿಂತಲ್ಲಿಂದ ಕದಲಲಿಲ್ಲ.

ಹೊನ್ನಯ್ಯ ಒಬ್ಬನೇ ಹಿಂದಿರುಗಿದ. ಮಗಳ ಮುಖ ನೋಡಲಿಲ್ಲ. ಯಜಮಾನರು ಬಿಟ್ಟುಹೋದ ಜಾಗದಲ್ಲಿ ಮೊಣಕಾಲ ಮೇಲೆ ಕೈಯೂರಿ ಕೂತ. ಆಮೇಲೆ ತಾಳಿಯನ್ನು ಮುದ್ದಯ್ಯನ ಕೈಗೆ ಕೊಟ್ಟ.

"ಒತ್ತು ಮುಳುಗ್ತದೆ. ಕಟ್ಟಪ್ಪ."

ಮುದ್ದಯ್ಯ ಅವಳ ಬೆನ್ನ ಹಿಂದೆ ಬಂದು ನಿಂತ. ಕುದಿವ ಕಬ್ಬಿನ ಹಾಲು ಸಿಡಿದು ಸುಟ್ಟ ಕಲೆಗಳ ಒರಟು ಬೆರಳುಗಳು. ಕುತ್ತಿಗೆಯ ಹಿಂದೆ ಹಾರ ಅಡ್ಡ ಬರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಸರಿಸಿದರೆ ಇನ್ನೊಂದರಲ್ಲಿ ಗಂಟು ಕೂರುತ್ತಿರಲಿಲ್ಲ. ಹಿಡಿದುಕೊಳ್ಳಲು ಪಕ್ಕದಲ್ಲಿ ಮುತ್ತೈದೆ ಯಾರೂ ಇರಲಿಲ್ಲ; ಗಂಡನಿಲ್ಲದ ಪಟ್ಟಲಮ್ಮ ಬಾಗಿಲ ಸಂದಿ ದಾಟುವಂತಿರಲಿಲ್ಲ. ಸಣ್ಣತಾಯಮ್ಮ ಸ್ವಲ್ಪ ಕಾದಳು. ಆಮೇಲೆ ತಾನೇ ಎರಡೂ ಕೈ ಹಿಂದಕ್ಕೆ ಒಯ್ದು, ಜಡೆಯ ಜೊತೆಗೆ ಹಾರವನ್ನೂ ಎತ್ತಿ ಹಿಡಿದು, ತಲೆ ತಗ್ಗಿಸಿದಳು.