ವಿರೂಪಾಕ್ಷನ ಏಳು ಕಲ್ಲು

ಊರ ಕ್ರೀಡಾಕೂಟದ ಬ್ಯಾನರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಆರರಿಂದ ಎಂಬತ್ತು ವರ್ಷದವರೆಗೆ ಎಲ್ಲರಿಗೂ ಹೊರಾಂಗಣ ಆಟಗಳು. ಎಲ್ಲರಿಗೂ ಅಂತೆ. ಆ ಮಾತನ್ನು ನಂಬಿಕೊಂಡು ಪುಷ್ಪಾ ಬೆಳಿಗ್ಗೆ ಬೇಗನೆ ಹಸುವಿನ ಕೆಲಸ ಮುಗಿಸಿ, ಸೀರೆಯ ನೆರಿಗೆ ಎತ್ತಿ ಕಟ್ಟಿ, ಊರಾಚೆಯ ಬಯಲಿಗೆ ಬಂದಿದ್ದಳು. ಕೈಯಲ್ಲೊಂದು ಚೀಲ, ಅದರೊಳಗೆ ಲಗೋರಿಯ ಏಳು ಕಲ್ಲು.

ಆ ಕಲ್ಲುಗಳನ್ನು ಮಾಡಿದವನು ಅವಳ ಗಂಡ ವಿರೂಪಾಕ್ಷ. ಭೇರ್ಯದ ಸುತ್ತಮುತ್ತಲ ಮನೆಗಳಿಗೆ ಕಡಪ ಕಲ್ಲು ಹಾಸುತ್ತಿದ್ದ. ಉಳಿದ ಚೂರುಗಳನ್ನು ಉಜ್ಜಿ ಉಜ್ಜಿ, ಒಂದಕ್ಕಿಂತ ಒಂದು ಚಿಕ್ಕದಾಗಿ, ರೊಟ್ಟಿಯ ಹಾಗೆ ದುಂಡಗೆ ಮಾಡಿಕೊಟ್ಟಿದ್ದ. ಎದೆನೋವು ಬಂದು ಅವನು ಹೋಗಿ ಎರಡು ವರ್ಷವಾಯಿತು. ಊರಲ್ಲಿ ಯಾರು ಲಗೋರಿ ಆಡಿದರೂ ಇವತ್ತಿಗೂ ಅವಳ ಬಾಗಿಲಿಗೆ ಬಂದು ಅದೇ ಕಲ್ಲು ಕೇಳುತ್ತಾರೆ.

ನಲವತ್ತು ದಾಟಿದ ಹೆಂಗಸರ ಲಗೋರಿಯಲ್ಲಿ ಮೇಲಿನ ಬೀದಿಯ ತಂಡಕ್ಕೆ ಚೆಂಡು ಎಸೆಯುವವಳು ಪುಷ್ಪಾ. ಮೊದಲಿನ ಎರಡು ಆಟದಲ್ಲೂ ಅವಳ ಮೊದಲ ಎಸೆತಕ್ಕೇ ಕಲ್ಲುಗಳು ಚೆಲ್ಲಾಪಿಲ್ಲಿಯಾದವು. ಜೊತೆಯವರು ಅವಳನ್ನು ತಬ್ಬಿಕೊಂಡು ಕುಣಿದರು. ಗಂಡ ಹೋದ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಫೈನಲ್ಲಿಗೆ ಇನ್ನೇನು ಸೀಟಿ ಊದಬೇಕು, ರುದ್ರಸ್ವಾಮಿ ಬಂದ. ಇವನು ವಿರೂಪಾಕ್ಷನ ಸ್ವಂತ ಅಣ್ಣ, ಕ್ರೀಡಾಕೂಟದ ಅಧ್ಯಕ್ಷ. ಎದೆಯ ಮೇಲೆ ಅಂಗೈಯಗಲದ ಬ್ಯಾಡ್ಜು. ಗೆದ್ದ ಹೆಂಗಸರಿಗೆ ವೇದಿಕೆಯ ಮೇಲೆ ಅರಿಸಿನ ಕುಂಕುಮ ಕೊಟ್ಟು, ಅಕ್ಕಿ, ಕಾಯಿ, ರವಿಕೆ ಕಣ ಹಾಕಿ ಮಡಿಲು ತುಂಬಬೇಕೆಂದು ಸಮಿತಿ ತೀರ್ಮಾನಿಸಿದೆ ಅಂದ. ಮಡಿಲು ತುಂಬುವುದು ಮುತ್ತೈದೆಯರಿಗೆ. ಆದ್ದರಿಂದ ಪುಷ್ಪಾಳ ಬದಲು ತನ್ನ ಹೆಂಡತಿ ಶಿವನಂಜಮ್ಮ ಎಸೆಯಲಿ ಅಂದ.

"ನಾಳೆ ಜನ ಒಂದು ಮಾತು ಅಂದ್ರೆ ನಿಂಗೇ ನೋವಾಯ್ತದೆ ಕಣಮ್ಮ. ನಿನ್ನ ಒಳ್ಳೇದುಕ್ಕೇ ಯೋಳ್ತಿವ್ನಿ."

ಒಳ್ಳೆಯದಕ್ಕಂತೆ. ಪುಷ್ಪಾಳಿಗೆ ಮೈಯೆಲ್ಲ ಉರಿದುಹೋಯಿತು. ಎರಡು ಆಟ ಗೆಲ್ಲುವವರೆಗೆ ಇವಳು ಬೇಕಿತ್ತು. ಅರಿಸಿನ ಕುಂಕುಮದ ತಟ್ಟೆ ಜೋಡಿಸುವ ಹೊತ್ತಿಗೆ ಬೇಡವಾದಳು.

"ಚೆಂಡು ಎಸೆದಿದ್ದು ನನ್ನ ಕೈ ಭಾವ, ತಾಳಿಯಲ್ಲ," ಅಂದಳು.

ರುದ್ರಸ್ವಾಮಿ ಇದು ತನ್ನೊಬ್ಬನ ತೀರ್ಮಾನವಲ್ಲ ಎಂದು ಜಾರಿಕೊಂಡ. ಸಮಿತಿಯವರು ಸುಣ್ಣದ ಗೆರೆ ನೋಡುತ್ತ ನಿಂತರು. ಪುಷ್ಪಾಳಿಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಜೊತೆಯ ಹೆಂಗಸರ ಮೇಲೆ. ಆಗಷ್ಟೇ ತಬ್ಬಿಕೊಂಡವರು ಈಗ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಯಾರೋ ಶಿವನಂಜಮ್ಮನ ಕೈಗೆ ಚೆಂಡು ತುರುಕಿದರು. ಅವಳು ಅದನ್ನು ಹಿಡಿದು ನಿಂತಳು, ಎಸೆಯುವ ಗೆರೆಯ ಕಡೆ ಹೋಗಲಿಲ್ಲ.

ಅತ್ತರೆ ಅವರಿಗೆ ಅನುಕೂಲ. ನಾಲ್ಕು ಜನ ಸಮಾಧಾನ ಹೇಳಿ ನೆರಳಲ್ಲಿ ಕೂರಿಸುತ್ತಾರೆ. ಪುಷ್ಪಾ ಅಳಲಿಲ್ಲ. ನೇರವಾಗಿ ಅಂಕಣದ ನಡುವಿಗೆ ಹೋದಳು. ಅಲ್ಲಿ ಫೈನಲ್ಲಿಗೆಂದು ಏಳು ಕಲ್ಲು ಒಂದರ ಮೇಲೊಂದು ಕೂತಿದ್ದವು. ಕುಕ್ಕರುಗಾಲಲ್ಲಿ ಕೂತು, ಮೇಲಿನ ಪುಟ್ಟ ಕಲ್ಲಿನಿಂದ ಹಿಡಿದು ಒಂದೊಂದನ್ನೇ ಎತ್ತಿ, ಧೂಳು ಒರೆಸಿ, ಮಡಿಲಿಗೆ ಹಾಕಿಕೊಂಡಳು.

"ಪುಷ್ಪಾ, ಕಲ್ಲು ಇಟ್ಟೋಗು. ಆಟ ನಡೀಬೇಕು," ಅಂದ ರುದ್ರಸ್ವಾಮಿ.

ಅವಳು ಎದ್ದು ನಿಂತಳು.

"ಇವು ನನ್ನ ಗಂಡ ಮಾಡಿದ್ವು. ಅವರು ತೀರೋದ್ರು ಅಂತ ನನ್ನ ಆಚೆಗಾಕುದ್ರಲ್ಲ, ಅವರ ಕಲ್ಲು ಮಾತ್ರ ನಿಮಗ್ಯಾಕೆ ಭಾವ?"

ಯಾವನೋ ಆ ಕಲ್ಲುಗಳ ಬದಲಿಗೆ ಇಟ್ಟಿಗೆ ಚೂರು ಹುಡುಕಲು ಓಡಿದ.

ಶಿವನಂಜಮ್ಮ ಮಾತ್ರ ಅಂಕಣದೊಳಗೆ ನಡೆದು ಬಂದಳು. ಗಂಡನ ಕಡೆ ತಿರುಗಿಯೂ ನೋಡದೆ, ಕೈಯಲ್ಲಿದ್ದ ಚೆಂಡನ್ನು ಪುಷ್ಪಾಳ ಮಡಿಲಿನಲ್ಲಿ ಕಲ್ಲುಗಳ ಮೇಲೆ ಇಟ್ಟಳು. ಪುಷ್ಪಾಳ ಸಿಟ್ಟೇನೂ ಇಳಿಯಲಿಲ್ಲ. ತುಂಬಿದ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು, ಬ್ಯಾನರಿನ ಕೆಳಗೆ ಹಾದು ಮನೆಗೆ ನಡೆದಳು.