ಎರಡನೇ ರಿಮೋಟು

ನನ್ನ ಅಣ್ಣ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು. ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುತ್ತಾನೆ, ತನ್ನ ಮೂಗಿನ ಕೆಳಗೆ ಏನು ನಡೆಯುತ್ತಿದೆ ಎನ್ನುವುದು ಮಾತ್ರ ಅವನಿಗೆ ಕಾಣುವುದಿಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಇನ್ನೊಂದು ಸಂಸಾರವಿದೆ. ಹಳೆಯ ವಿಡಿಯೋ ಗೇಮ್ ಯಂತ್ರಗಳು, ಗೋಡೆಯುದ್ದಕ್ಕೂ ಕ್ಯಾಸೆಟ್ಟುಗಳ ಕಪಾಟು, ಇಬ್ಬರು ಸೇರಿದರೂ ಎತ್ತಲಾಗದ ಹಳೇ ಟಿವಿ. ಕನ್ನಡಕಕ್ಕೆ ಬಂದವರ ಮಕ್ಕಳು ಬಾಕಿ ಯಂತ್ರಗಳಲ್ಲಿ ಎಷ್ಟು ಬೇಕಾದರೂ ಆಡಬಹುದು. ಆದರೆ ಟಿವಿಯ ಕೆಳಗಿರುವ, ಬಿಳುಪು ಹೋಗಿ ಹಳದಿಗೆ ತಿರುಗಿದ ಆ ಒಂದು ಯಂತ್ರವನ್ನು ಅಣ್ಣನ ಹೊರತು ಯಾರೂ ಮುಟ್ಟುವ ಹಾಗಿಲ್ಲ. ಅದು ನಾವು ಚಿಕ್ಕಂದಿನಲ್ಲಿ ಆಡಿದ್ದು.

ನಾವು ಆಡಿದ್ದು ಅಂದೆನಲ್ಲ, ಅದು ತಪ್ಪು. ಅವನು ಆಡಿದ್ದು. ವೈರಿದ್ದರೂ ನಾವು ರಿಮೋಟು ಎಂದೇ ಕರೆಯುತ್ತಿದ್ದ ಎರಡು ಕೈಪೆಟ್ಟಿಗೆಗಳು ಆ ಯಂತ್ರಕ್ಕಿದ್ದವು. ಒಂದನೇದು ಅವನಿಗೆ, ಎರಡನೇದು ನನಗೆ. ನಾನು ನಾಲಿಗೆ ಕಚ್ಚಿಕೊಂಡು ಗುಂಡಿ ಒತ್ತುತ್ತಿದ್ದೆ, ಪರದೆಯ ಮೇಲೆ ಏನೂ ಅಲ್ಲಾಡುತ್ತಿರಲಿಲ್ಲ. ಕೇಳಿದರೆ, "ಜೋರಾಗಿ ಒತ್ತೇ, ಬರುತ್ತೆ" ಅನ್ನುತ್ತಿದ್ದ. ನಾನು ಇನ್ನೂ ಜೋರಾಗಿ ಒತ್ತುತ್ತಿದ್ದೆ. ಹೆಬ್ಬೆರಳು ಕೆಂಪಾಗುತ್ತಿತ್ತು. ಒಂದು ದಿನ ಅಮ್ಮ ಕಸ ಗುಡಿಸುತ್ತಾ ನನ್ನ ವೈರಿನ ತುದಿಯನ್ನು ಎತ್ತಿ ಹಿಡಿದು, "ಇದ್ಯಾಕೋ ನೆಲದ ಮೇಲೆ ಬಿದ್ದಿದೆ?" ಎಂದು ಕೇಳಿದಳು. ಅಲ್ಲಿಯವರೆಗೂ ಆ ವೈರನ್ನು ಅಣ್ಣ ಯಂತ್ರಕ್ಕೆ ಸಿಕ್ಕಿಸಿಯೇ ಇರಲಿಲ್ಲ.

ಈ ಕಥೆಯನ್ನು ಅವನು ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಾನೆ. ನಾನೂ ನಗುತ್ತೇನೆ. ಒಳಗೊಳಗೇ ಹೊಟ್ಟೆ ಉರಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಯಂತ್ರಗಳನ್ನು ಮಾಡಿದ ಕಂಪನಿಗಳು ಅವುಗಳ ಕೈಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ತಮ್ಮ ಮನೆಯ ಮೇಜಿನ ಮುಂದೆ ಕೂತು ಅವಕ್ಕೆಂದೇ ಹೊಸ ಆಟ ಬರೆಯುತ್ತಾರೆ, ಕ್ಯಾಸೆಟ್ಟೂ ಮಾಡುತ್ತಾರೆ. ಹೋಮ್‌ಬ್ರೂ ಆಟ ಎನ್ನುತ್ತಾರೆ. ಮನೆಯ ಅಡುಗೆ ಇದ್ದ ಹಾಗೆ: ಒಮ್ಮೊಮ್ಮೆ ಉಪ್ಪು ಜಾಸ್ತಿಯಾಗಿರುತ್ತದೆ, ಆದರೆ ಮಾಡಿದವರ ಕೈ ಗೊತ್ತಾಗುತ್ತದೆ. ಅಣ್ಣ ತನ್ನ ಕಪಾಟಿನ ಕೆಳಸಾಲನ್ನು ಇವಕ್ಕೆಂದು ಬಿಟ್ಟಿದ್ದ. ಸಾಲು ತುಂಬುತ್ತಾ ಬಂದು, ಕೊನೆಯಲ್ಲಿ ಒಂದೇ ಒಂದು ಕ್ಯಾಸೆಟ್ಟಿನ ಜಾಗ ಉಳಿದಿತ್ತು. ಅದಕ್ಕೆ ಯಾವುದು ಎಂದು ಆರಿಸಲು ಒಂದು ಭಾನುವಾರ ನಮ್ಮನ್ನೆಲ್ಲ ಕರೆದ. ಆಟ ಮಾಡುವವರ ಬಳಗಕ್ಕೆ ಮೊದಲೇ ಸುದ್ದಿ ಮುಟ್ಟಿಸಿದ್ದರಿಂದ ಕ್ಯಾಸೆಟ್ಟುಗಳು ಪಾರ್ಸೆಲಿನಲ್ಲಿ ಬಂದಿದ್ದವು. ಅಂಗಡಿಯ ಗಲ್ಲಾ ನೋಡಿಕೊಳ್ಳುವ ಅತ್ತಿಗೆ ಅವುಗಳನ್ನು ಬಿಚ್ಚಿ, ಮಾಡಿದವರ ಹೆಸರು ಕಾಣದಂತೆ ಮೇಲೆ ಬಿಳಿ ಕಾಗದ ಅಂಟಿಸಿದ್ದರು. ಮುಖ ನೋಡಿ ಮಣೆ ಹಾಕಬಾರದು ಎನ್ನುವುದು ಅಣ್ಣನ ನಿಯಮ.

ಆ ಕ್ಯಾಸೆಟ್ಟುಗಳಲ್ಲಿ ಒಂದು ನನ್ನದು.

ಹೌದು, ನನ್ನದೇ. ನಾನು ಬಟ್ಟೆಗಳಿಗೆ ಕಸೂತಿ ಹಾಕುವ ಮಷಿನ್ನಿಗೆ ಚಿತ್ರ ಬರೆದುಕೊಡುವ ಕೆಲಸದವಳು. ಚೌಕುಳಿ ಹಾಳೆಯಲ್ಲಿ ಒಂದೊಂದೇ ಚೌಕ ತುಂಬಿ ಹೂವು, ಹಕ್ಕಿ ಮಾಡುವುದು ನನಗೆ ಅಭ್ಯಾಸ. ಹಳೆಯ ಆಟದ ಬೊಂಬೆಗಳೂ ಅದೇ ಚೌಕಗಳಲ್ಲವೇ? ಚಿತ್ರ ಸುಲಭವಾಗಿ ಬಂತು. ಪ್ರೋಗ್ರಾಂ ಬರೆಯುವುದು ಮಾತ್ರ ನನ್ನ ಜೀವ ಹಿಂಡಿಬಿಟ್ಟಿತು. ಎರಡು ವರ್ಷ ಕಲಿತೆ, ಬರೆದೆ, ಕಂಪ್ಯೂಟರಿಗೆ ಬೈದೆ, ಮತ್ತೆ ಬರೆದೆ. ಅತ್ತಿಗೆಗೆ ಮಾತ್ರ ಗೊತ್ತಿತ್ತು, ಅವರು ತುಟಿ ಪಿಟಕ್ಕೆನ್ನುವವರಲ್ಲ. ತಂಗಿ ಪಾಪ ಅಂತ ದಯೆಯಿಂದ ಆರಿಸುವುದಾದರೆ ನನಗೆ ಆ ಜಾಗ ಬೇಡವಾಗಿತ್ತು. ಯಾರದೋ ಏನೋ, ಆಟ ಮಾತ್ರ ಚೆನ್ನಾಗಿದೆ ಎಂದು ಅವನ ಬಾಯಿಂದಲೇ ಬರಬೇಕಿತ್ತು. ಅದಕ್ಕಾಗಿ ನಾನು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಿತ್ತು. ನನ್ನಂಥವಳಿಗೆ ಪ್ರೋಗ್ರಾಂ ಬರೆಯುವುದಕ್ಕಿಂತ ಅದು ಕಷ್ಟ.

ಅವತ್ತು ಅಂಗಡಿ ಮುಚ್ಚಿತ್ತು. ಅಮ್ಮ ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯನ್ನು ಒಳಗೆ ತರಿಸಿಕೊಂಡು ಮಹಾರಾಣಿಯ ಹಾಗೆ ಕೂತಿದ್ದಳು. ಅಣ್ಣ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಯಂತ್ರಕ್ಕೆ ಹಾಕುತ್ತಿದ್ದ. ಅವನು ಆಟ ಆರಿಸುವುದೂ ಕನ್ನಡಕ ಕೊಡುವ ರೀತಿಯಲ್ಲೇ. ಒಂದು ಹಾಕುತ್ತಾನೆ, ತೆಗೆಯುತ್ತಾನೆ, ಇನ್ನೊಂದು ಹಾಕುತ್ತಾನೆ.

"ಇದು ಚೆನ್ನಾಗಿತ್ತಾ, ಅದಾ?"

"ಮೊದಲನೇದೇ ವಾಸಿ," ಎಂದಳು ಅಮ್ಮ.

"ಈಗ ಹೇಳು. ಇದಾ, ಅದಾ?"

"ಲೋ, ನನಗೆ ಕಣ್ಣು ನೆಟ್ಟಗಿದೆ ಕಣೋ. ಎರಡೆರಡು ಸಲ ಕೇಳಬೇಡ."

ಬಟ್ಟೆ ಒಣಗಿಸುವ ತಂತಿಯ ಮೇಲೆ ಓಡುವ ಅಳಿಲಿನ ಆಟ ಮೊದಲ ಸುತ್ತಿನಲ್ಲೇ ಹೋಯಿತು. ಅಳಿಲು ಜಾರುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಮೀನಿನ ಆಟ ಮುದ್ದಾಗಿತ್ತು, ಆದರೆ ಅದರ ಸಂಗೀತ ಕೇಳಿ ಅತ್ತಿಗೆ ಕಿವಿ ಮುಚ್ಚಿಕೊಂಡರು. ಲಿಫ್ಟು ನಡೆಸುವವನ ಆಟ ಮಾತ್ರ ನಿಜಕ್ಕೂ ಭರ್ಜರಿಯಾಗಿತ್ತು. ಅವಸರದ ಡಾಕ್ಟರು, ಪಿಯಾನೋ ಹೊತ್ತವರು, ನಾಯಿ ಹಿಡಿದ ಮುದುಕಿ, ಎಲ್ಲರನ್ನೂ ಅವರವರ ಮಹಡಿಗೆ ಮುಟ್ಟಿಸಬೇಕು. ಅಮ್ಮ ಕುರ್ಚಿಯಿಂದಲೇ "ಮುದುಕೀನ ಮೊದಲು ಹತ್ತಿಸೋ, ಕಾಲು ನೋಯುತ್ತೆ ಅವಳಿಗೆ!" ಎಂದು ಕೂಗಿದಳು. ನಾನೂ ಮೈಮರೆತು ನಕ್ಕೆ. ಆಮೇಲೆ ನೆನಪಾಗಿ ನಗು ನಿಲ್ಲಿಸಿದೆ. ಉಳಿದಿದ್ದದ್ದು ನನ್ನದೊಂದೇ.

ಅಣ್ಣ ಅದನ್ನೂ ಊದಿ ಹಾಕಿದ. ಪರದೆಯ ಮೇಲೆ ನಾನು ಬಿಡಿಸಿದ ಹಳೇ ಮನೆ ಬಂತು. ಕರೆಂಟು ಹೋದ ಮನೆ. ಒಬ್ಬ ಹುಡುಗ ಕೋಣೆಯಿಂದ ಕೋಣೆಗೆ ಹೋಗಿ ಬಾಗಿಲು ಹುಡುಕಬೇಕು. ಅವನ ಜೊತೆ ದೀಪ ಹಿಡಿದ ಒಬ್ಬಳು ಪುಟ್ಟ ಹುಡುಗಿ. ಒಂದನೇ ರಿಮೋಟಿಗೆ ಹುಡುಗ, ಎರಡನೇದಕ್ಕೆ ಹುಡುಗಿ. ಅವಳು ದೀಪ ಎತ್ತಿ ಹಿಡಿದರೆ ಮಾತ್ರ ಅವನಿಗೆ ದಾರಿ ಕಾಣುತ್ತದೆ.

ಹುಡುಗ ಕತ್ತಲೆಯಲ್ಲಿ ಮೇಜಿಗೆ ಡಿಕ್ಕಿ ಹೊಡೆದ. ಕುರ್ಚಿಗೆ ಹೊಡೆದ. ಗೋಡೆಗೆ ಹೊಡೆದ. ಹುಡುಗಿ ಮೂಲೆಯಲ್ಲಿ ಕೂತೇ ಇದ್ದಳು. ಆಗ ನನಗೆ ಹೊಳೆಯಿತು. ಎರಡನೇ ರಿಮೋಟು ಟಿವಿಯ ಪಕ್ಕದಲ್ಲಿ, ವೈರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಮಲಗಿತ್ತು. ಸಿಕ್ಕಿಸಿದರೆ ಪಿನ್ನು ಸವೆಯುತ್ತದಂತೆ! ಆಟ ಪರೀಕ್ಷಿಸಲು ಮನೆಯಲ್ಲಿ ಇಟ್ಟುಕೊಂಡ ನನ್ನ ಯಂತ್ರಕ್ಕೆ ಎರಡೂ ಸದಾ ಸಿಕ್ಕಿಸಿಯೇ ಇರುತ್ತವೆ. ಈ ಪುಣ್ಯಾತ್ಮನ ಅಭ್ಯಾಸವನ್ನು ಪ್ರಪಂಚದಲ್ಲಿ ಯಾರಾದರೂ ಮರೆಯಬಹುದಿತ್ತು, ನಾನು ಮರೆಯಬಹುದಿತ್ತೇ?

"ಬರೀ ಕತ್ತಲು," ಎಂದ ಅಣ್ಣ. "ಚಿತ್ರ ಬಿಡಿಸಿರೋ ಕೈ ಚೆನ್ನಾಗಿದೆ. ಆದರೆ ಆಟಾನೇ ಇಲ್ವಲ್ಲ ಇದರಲ್ಲಿ."

"ಆ ಮಗು ಎದ್ದೇಳಲ್ವೇನೋ?" ಎಂದಳು ಅಮ್ಮ.

"ಅದು ಸುಮ್ಮನೆ ಅಲಂಕಾರಕ್ಕಮ್ಮ."

ಅಲಂಕಾರಕ್ಕಂತೆ! ಹೇಳಿಬಿಡಲೇ? ಹೇಳಿದರೆ ಗುಟ್ಟು ರಟ್ಟು, ಆಮೇಲೆ ಅವನು ಅಯ್ಯೋ ತಂಗಿ ಎಂದು ಕಪಾಟಿನಲ್ಲಿ ಇಡುತ್ತಾನೆ. ಹೇಳದಿದ್ದರೆ ಎರಡು ವರ್ಷ ನೀರಿನಲ್ಲಿ ಹೋಮ. ಅತ್ತಿಗೆ ನನ್ನ ಕಡೆ ನೋಡಿ, ಕೆಮ್ಮಿ, ಮತ್ತೆ ಕೆಮ್ಮಿದರು.

"ನೀರು ಕುಡಿಯೇ," ಎಂದ ಅಣ್ಣ ತಿರುಗಿಯೂ ನೋಡದೆ. "ಸರಿ, ಹಾಗಾದರೆ ಲಿಫ್ಟೇ ಗೆದ್ದ ಹಾಗೆ." ಕ್ಯಾಸೆಟ್ಟು ತೆಗೆಯಲು ಕೈ ಚಾಚಿದ.

ಪರದೆಯಲ್ಲಿ ಅವಳು ಹಾಗೇ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಏನು ಮಾಡುತ್ತಿದ್ದೇನೆಂದು ನನಗೇ ಗೊತ್ತಾಗುವ ಮೊದಲು ಎರಡನೇ ರಿಮೋಟು ನನ್ನ ಕೈಯಲ್ಲಿತ್ತು. ಒತ್ತುತ್ತಿದ್ದೆ. ನಾಲಿಗೆ ಕಚ್ಚಿಕೊಂಡು, ಜೋರಾಗಿ, ಹೆಬ್ಬೆರಳು ಕೆಂಪಾಗುವ ಹಾಗೆ.

ಅಮ್ಮನಿಗೆ ನಗು ಉಕ್ಕಿ ಬಂತು. "ಅಯ್ಯೋ ನೋಡ್ರೋ ಇವಳನ್ನ! ತಲೆ ಕೂದಲು ಬೆಳ್ಳಗಾದರೂ ಸಿಕ್ಕಿಸದ ರಿಮೋಟು ಒತ್ತೋದು ಬಿಟ್ಟಿಲ್ಲ!"

ಅಣ್ಣನೂ ತಿರುಗಿ ನೋಡಿ ಗಹಗಹಿಸಿ ನಕ್ಕ. ನಗುತ್ತಾ ನಗುತ್ತಾ ಅವನ ಕಣ್ಣು ನನ್ನ ಹೆಬ್ಬೆರಳಿಗೆ ಹೋಯಿತು, ಅಲ್ಲಿಂದ ರಬ್ಬರ್ ಬ್ಯಾಂಡಿಗೆ, ಅಲ್ಲಿಂದ ಪರದೆಯ ಮೂಲೆಯ ಹುಡುಗಿಗೆ. ನಗು ಅರ್ಧದಲ್ಲೇ ನಿಂತಿತು.

"ತಾಳು, ತಾಳು," ಎಂದ. "ಇದು ಇಬ್ಬರ ಆಟ ಇರಬಹುದಾ?"

ರಬ್ಬರ್ ಬ್ಯಾಂಡು ಕಿತ್ತೆಸೆದ. ವೈರು ಬಿಡಿಸಿ ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿದ. ನಾನು ಒತ್ತುತ್ತಲೇ ಇದ್ದೆ. ಹುಡುಗಿ ಎದ್ದು ನಿಂತಳು. ದೀಪ ಎತ್ತಿದಳು. ಇಡೀ ಮನೆ ಹೊನ್ನಿನ ಬಣ್ಣದಲ್ಲಿ ಬೆಳಗಿತು. ಮೆಟ್ಟಿಲು, ಗಡಿಯಾರ, ಕುರ್ಚಿಯ ಕೆಳಗೆ ಮಲಗಿದ ಬೆಕ್ಕು, ನಾನು ಚೌಕ ಚೌಕವಾಗಿ ತುಂಬಿದ್ದೆಲ್ಲವೂ ಕಾಣಿಸಿತು.

"ಅಬ್ಬಾ!" ಎಂದಳು ಅಮ್ಮ. "ಎದ್ದಳು ನೋಡು ಮಗು!"

ಆಮೇಲೆ ಆ ಕೋಣೆಯಲ್ಲಿ ನಡೆದದ್ದು ಜಗಳವೋ ಆಟವೋ ಹೇಳುವುದು ಕಷ್ಟ. "ಎಡಕ್ಕೆ ಹಿಡಿಯೇ, ಎಡಕ್ಕೆ!" "ನೀನು ಮೊದಲು ನಿಲ್ಲೋ, ಓಡಬೇಡ!" "ಬಿದ್ದೆನಲ್ಲೇ!" "ದೀಪ ಬಿಟ್ಟು ಓಡಿದರೆ ಬೀಳದೆ ಏನು ಮಾಡ್ತೀಯಾ?" ನಾನು ಹಿಡಿದ ಕಡೆ ಅವನು ಬಂದ. ನಾನು ನಿಲ್ಲಿಸಿದ ಕಡೆ ನಿಂತ. ಹುಟ್ಟಿದಾಗಿನಿಂದ ಅವನು ನನ್ನ ಮಾತು ಇಷ್ಟು ಕೇಳಿದ್ದು ಅದೇ ಮೊದಲು. ಕೊನೆಯ ಕೋಣೆ ದಾಟಿ ಇಬ್ಬರೂ ಅಂಗಳಕ್ಕೆ ಬಂದಾಗ ಬೆಳಕು ಹರಿಯಿತು, ಹುಡುಗಿ ದೀಪ ಆರಿಸಿದಳು. ಅತ್ತಿಗೆ ಚಪ್ಪಾಳೆ ತಟ್ಟಿದರು.

ಅಣ್ಣ ಉಸಿರು ಬಿಡುತ್ತಾ ಹಿಂದಕ್ಕೆ ಒರಗಿದ. "ಇದೇ ಕಣೇ. ಲಿಫ್ಟೂ ಇಲ್ಲ, ಗಿಫ್ಟೂ ಇಲ್ಲ. ಇದೇ." ಅಂತ ಹೇಳಿ ಅಮ್ಮನ ಕಡೆ ತಿರುಗಿದ. "ನೋಡಮ್ಮ, ಇದನ್ನ ಮಾಡಿದೋರಿಗೂ ನನ್ನ ಥರಾನೇ ಒಬ್ಬ ಕಳ್ಳ ಅಣ್ಣ ಇರಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕ್ಯಾಸೆಟ್ಟಿನ ಕಡೆ ನೋಡಿ, ಛಾವಣಿಯ ಕಡೆ ನೋಡಿದೆ. ಅಣ್ಣ ಅದನ್ನು ಹೊರತೆಗೆದು ಕೆಳಸಾಲಿನ ಕೊನೆಯ ಜಾಗದಲ್ಲಿ ಇಟ್ಟ. ಬಿಗಿಯಾಗಿ ಕೂತಿತು.

"ಈಗ ಕಾಗದ ತೆಗೀಬಹುದು ರೀ," ಎಂದರು ಅತ್ತಿಗೆ.

ಅವನು ಮತ್ತೆ ಕೈಗೆತ್ತಿಕೊಂಡು ಕಾಗದದ ತುದಿಯನ್ನು ಉಗುರಿನಿಂದ ಕೆರೆದು ಎಳೆದ. ಕೆಳಗೆ ನಾನು ಬಿಡಿಸಿದ ಹುಡುಗಿ, ಅವಳ ದೀಪ, ಅದರ ಕೆಳಗೆ ಮನೆಯವರು ಮಾತ್ರ ಕರೆಯುವ ನನ್ನ ಹೆಸರು: ಗುಬ್ಬಿ.

ಅಣ್ಣ ಕನ್ನಡಕ ತೆಗೆದ. ಅಂಗಿಯ ಅಂಚಿನಿಂದ ಒರೆಸಿದ. ಗಾಜು ಹಾಗೆ ಒರೆಸಬಾರದೆಂದು ಗಿರಾಕಿಗಳಿಗೆ ಬೈಯುವವನು ಅವನೇ.

"ಭಾನುವಾರ ಭಾನುವಾರ ಕೆಲಸ ಇದೆ, ಕೆಲಸ ಇದೆ ಅಂತ ತಪ್ಪಿಸ್ಕೊಳ್ತಿದ್ದೆಯಲ್ಲೇ ಗುಬ್ಬಿ. ಇದಕ್ಕಾ?"

"ಮತ್ತೆ? ನೀನು ಸಿಕ್ಕಿಸೋ ತನಕ ಕಾಯ್ತಾ ಕೂತಿರಲಾ?"

ಅವನು ನನ್ನ ತಲೆಯ ಮೇಲೆ ಒಂದು ಮೊಟಕಿದ, ಚಿಕ್ಕಂದಿನಲ್ಲಿ ಮೊಟಕುತ್ತಿದ್ದ ಹಾಗೆ, ಆದರೆ ಕೈ ಅಲ್ಲೇ ಇಟ್ಟುಕೊಂಡ. ನನಗೆ ಅಳು ಬಂತು, ನಗುವೂ ಬಂತು. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ, ಮುಚ್ಚುಮರೆ ಯಾಕೆ?

"ಇನ್ನೊಂದ್ಸಲ ಆಡೋಣ," ಎಂದ, ಕ್ಯಾಸೆಟ್ಟನ್ನು ಮತ್ತೆ ಯಂತ್ರಕ್ಕೆ ಹಾಕುತ್ತಾ. "ಈ ಸಲ ಒಂದನೇದು ನೀನು ಹಿಡಿ. ನಾನು ದೀಪ ಹಿಡೀತೀನಿ."

ಅಷ್ಟರಲ್ಲಿ ಅತ್ತಿಗೆ ಚಹಾ ತಂದರು. ಅಣ್ಣ ಲೋಟ ತೆಗೆದುಕೊಳ್ಳಲು ಅತ್ತ ತಿರುಗಿದ. ಅಮ್ಮ ಎತ್ತರದ ಕುರ್ಚಿಯಿಂದ ಎಲ್ಲವನ್ನೂ ನೋಡುತ್ತಿದ್ದಳು. ನಾನು ಬಗ್ಗಿ ಯಂತ್ರದ ಹತ್ತಿರ ಒಂದು ಸಣ್ಣ ಕೆಲಸ ಮುಗಿಸಿ ನೆಟ್ಟಗೆ ಕೂತೆ. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಆಟ ಶುರುವಾಯಿತು. ನನ್ನ ಹುಡುಗ ಕತ್ತಲೆಯಲ್ಲಿ ನಿಂತು ಕಾದ. ಅಣ್ಣ ಒತ್ತಿದ, ಮತ್ತೆ ಒತ್ತಿದ, ರಿಮೋಟನ್ನು ತಿರುಗಿಸಿ ನೋಡಿದ.

"ದೀಪಾನೇ ಹತ್ತುತಾ ಇಲ್ವಲ್ಲೇ?"

"ಜೋರಾಗಿ ಒತ್ತೋ," ಅಂದೆ. "ಬರುತ್ತೆ."