ಮೊಳೆಗೆ ತೂಗುಹಾಕಿದ ಗೌನು

ನಮ್ಮ ಹೊಲಿಗೆ ಅಂಗಡಿಯಲ್ಲಿ ಎರಡು ಕತ್ತರಿಗಳಿವೆ. ಬಟ್ಟೆಯದು ಚಿಕ್ಕಮ್ಮನದು, ಕಾಗದದ್ದು ನನ್ನದು. ಕಾಗದ ಕತ್ತರಿಸಿದರೆ ಕತ್ತರಿ ಮೊಂಡಾಗುತ್ತದೆ, ಹಾಗಾಗಿ ಒಂದರ ಕೆಲಸ ಇನ್ನೊಂದು ಮಾಡುವಂತಿಲ್ಲ. ನಾನು ಶಾಲೆ ಬಿಟ್ಟು ಬಂದ ದಿನವೇ ಚಿಕ್ಕಮ್ಮ ಹೇಳಿದ್ದಳು: "ಪೇಪರ್ ಕೆಟ್ರೆ ಇನ್ನೊಂದು ಪೇಪರ್. ಬಟ್ಟೆ ಕೆಟ್ರೆ ಗಿರಾಕಿ ಹೋದ ಹಾಗೇ. ನಿನ್ನ ಕೈ ಕೂತ ಮೇಲೆ ನೋಡೋಣ."

ಕೈ ಕೂತು ಬಹಳ ಕಾಲವಾಗಿತ್ತು. ನೋಡೋಣ ಎಂದದ್ದು ಮಾತ್ರ ಹಾಗೇ ಉಳಿದಿತ್ತು. ಬಟ್ಟೆಗೆ ಕತ್ತರಿ ಹಾಕಬೇಕೆಂಬುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ಬಾಯಿಬಿಟ್ಟು ಕೇಳುವ ಅಭ್ಯಾಸವೂ ಇರಲಿಲ್ಲ.

ಚಿಕ್ಕಮ್ಮ ಅಳತೆ ಹೇಳುತ್ತಾಳೆ. ನಾನು ಹಳೇ ಪೇಪರಿನ ಮೇಲೆ ಗೆರೆ ಎಳೆದು ಮುಂಭಾಗ, ಬೆನ್ನು, ತೋಳು, ಕಾಲರು ಕತ್ತರಿಸಿ, ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕುತ್ತೇನೆ. ಅವಳು ಅವನ್ನು ಬಟ್ಟೆಯ ಮೇಲಿಟ್ಟು, ಪಿನ್ನು ಚುಚ್ಚಿ, ಸುತ್ತ ಸೀಮೆಸುಣ್ಣದಲ್ಲಿ ಗುರುತು ಮಾಡಿ ಬಟ್ಟೆ ಕತ್ತರಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಕತ್ತರಿಸುವ ಮುಂಚೆ ಓದಿದ್ದು. ಎಷ್ಟೋ ಸುದ್ದಿಗಳು ನನಗೆ ಕಂಕುಳಿನವರೆಗೆ ಮಾತ್ರ ಗೊತ್ತು. ಚಿಕ್ಕಮ್ಮನಿಗೆ ಅಷ್ಟೂ ಇಲ್ಲ. ಓದಲು ಬಂದರೂ ಅವಳಿಗೆ ಪೇಪರಿನ ಅಂಚು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಒಂದು ದಿನ ಪತ್ರಿಕೆಯ ಕಚೇರಿಯಿಂದ ಜಾಹೀರಾತು ವಿಭಾಗದವರು ಬಂದರು. ಅವರ ಪತ್ರಿಕೆಗೆ ನೂರು ತುಂಬುತ್ತಿತ್ತು. ಕಚೇರಿಯ ಬಾಗಿಲಲ್ಲಿ ಒಂದು ಗೊಂಬೆ ನಿಲ್ಲಿಸಿ, ಅದಕ್ಕೆ ಹಳೆಯ ಜಾಹೀರಾತುಗಳ ಗೌನು ತೊಡಿಸಬೇಕಂತೆ. ಮೂಲ ಪುಟಗಳು ಮುಟ್ಟಿದರೆ ಪುಡಿಯಾಗುತ್ತವೆಂದು ಅವುಗಳನ್ನೇ ಹೊಸ ಕಾಗದದಲ್ಲಿ ಅಚ್ಚು ಹಾಕಿಸಿ, ಸುರುಳಿ ಸುತ್ತಿ ತಂದಿದ್ದರು.

"ಆಗಿನ ಕಾಲದ ಥರ ಇರ್ಲಿ ಅಮ್ಮ. ದೊಡ್ಡ ಕಾಲರು, ಉಬ್ಬು ತೋಳು. ಯಾವ ಜಾಹೀರಾತೂ ಅರ್ಧಕ್ಕೆ ಕತ್ತರಿಸಿ ಹೋಗ್ಬಾರ್ದು."

"ಪೇಪರ್ ಗೌನಾ? ಒಗೆಯೋದು ಹೇಗೆ?" ಎಂದಳು ಚಿಕ್ಕಮ್ಮ.

"ಗೊಂಬೆ ಬೆವರಲ್ಲ ಅಮ್ಮ."

ಚಿಕ್ಕಮ್ಮ ಸ್ವಲ್ಪ ಯೋಚಿಸಿ, ಅಳತೆಪಟ್ಟಿಯ ತುದಿಯಿಂದ ನನ್ನನ್ನು ತೋರಿಸಿದಳು. "ಪೇಪರ್ ತಾನೆ, ಇವಳು ಕತ್ತರಿಸ್ತಾಳೆ." ಹೀಗೆ ನನ್ನ ಕತ್ತರಿಗೆ ಮೊದಲ ಸಲ ಒಂದು ಪೂರ್ತಿ ಉಡುಪು ಸಿಕ್ಕಿತು. ಇದು ಚೆನ್ನಾಗಿ ಬಂದರೆ ಚಿಕ್ಕಮ್ಮ ಬಟ್ಟೆಯನ್ನೂ ಕೊಟ್ಟೇ ಕೊಡುತ್ತಾಳೆಂದು ಲೆಕ್ಕ ಹಾಕಿದೆ.

ಕೂದಲೆಣ್ಣೆ ಕಾಲರಿಗೆ ಹೋಯಿತು. ಅಜೀರ್ಣದ ಮಾತ್ರೆ ಹೊಟ್ಟೆಯ ಮೇಲೆ ಬಂತು, ಕಾಲಿನ ಆಣಿಯ ಮುಲಾಮು ಕೆಳಅಂಚಿಗೆ. ದೇಹಪುಷ್ಟಿಯ ಟಾನಿಕ್ಕಿನಲ್ಲಿ ಇಬ್ಬರಿದ್ದರು. ಕುಡಿಯುವ ಮುಂಚಿನ ಬಡಕಲನನ್ನು ಎಡತೋಳಿಗೂ ಕುಡಿದ ನಂತರದ ದಢೂತಿಯನ್ನು ಬಲತೋಳಿಗೂ ಹಾಕಿದೆ. ಉಬ್ಬು ತೋಳಾದ್ದರಿಂದ ನೆರಿಗೆ ಹಿಡಿದು ನೋಡಿದಾಗ ಇಬ್ಬರೂ ಒಂದೇ ಥರ ಕಂಡರು.

ಈ ಸಡಗರದಲ್ಲಿ ನಮ್ಮ ಗಿರಾಕಿ ಹಲ್ಲಿನ ಡಾಕ್ಟರಮ್ಮನ ಗೌನಿಗೆ ಪೇಪರ್ ಕತ್ತರಿಸುವುದು ಹಿಂದೆ ಬಿತ್ತು. ಅವರು ಕೊಟ್ಟಿದ್ದು ಹಸಿರು ಬಟ್ಟೆ, ಯಾವುದೋ ಊರಿಂದ ತಂದದ್ದು. ಸಾದಾ ಗೌನು ಸಾಕು ಎಂದಿದ್ದರು. ಅದು ಬೆಳಿಗ್ಗೆಗಿರಲಿ ಎಂದುಕೊಂಡು, ಗೊಂಬೆಯ ಗೌನಿನ ತುಂಡುಗಳನ್ನು ದಾರಕ್ಕೆ ಪೋಣಿಸಿ ಮೊಳೆಗೆ ಹಾಕಿದೆ. ಅಂಗಡಿಯಲ್ಲಿ ಕಾಗದ ಇಡಲು ಬೇರೆ ಜಾಗವಿಲ್ಲ.

ಬೆಳಿಗ್ಗೆ ಗುಂಡಿ ತರಲು ಹೋಗಿದ್ದೆ. ಬಂದು ನೋಡಿದರೆ ಚಿಕ್ಕಮ್ಮ ಹಸಿರು ಬಟ್ಟೆಯಲ್ಲಿ ದೊಡ್ಡದೊಂದು ಕಾಲರು ಕತ್ತರಿಸಿ ಮುಗಿಸಿದ್ದಳು. ಉಳಿದದ್ದು ಮೊದಲೇ ಮುಗಿದಿತ್ತು.

"ಚಿಕ್ಕಮ್ಮ, ಆ ಪೇಪರು ಗೊಂಬೇದು."

"ಯಾವ ಗೊಂಬೆ?"

ಕೆಳಅಂಚಿನ ತುಂಡು ತೋರಿಸಿದೆ. ಚಿಕ್ಕಮ್ಮ ಕನ್ನಡಕ ಏರಿಸಿ ಓದಿದಳು. "ಕಾಲಿನ ಆಣಿಯೇ? ಇನ್ನು ಚಿಂತೆ ಬಿಡಿ." ಓದಿ, ಮೆಲ್ಲಗೆ ಕುರ್ಚಿಯ ಮೇಲೆ ಕೂತಳು.

"ಹಲ್ಲಿನ ಡಾಕ್ಟ್ರಿಗೆ ಇಷ್ಟು ದೊಡ್ಡ ಕಾಲರು ಯಾಕೆ ಅಂತ ಒಂದ್ಸಲ ಅನ್ನಿಸ್ತು ಕಣೇ."

"ಮತ್ತೆ?"

"ಓದಿದೋರು, ಏನೋ ಕಾರಣ ಇರುತ್ತೆ ಅಂದ್ಕೊಂಡೆ."

ಬೇರೆ ಬಟ್ಟೆ ಸಿಗುವ ಮಾತಿರಲಿಲ್ಲ. ಅಳತೆಯಲ್ಲಿ ಡಾಕ್ಟರಿಗೂ ಗೊಂಬೆಗೂ ಹೆಚ್ಚು ವ್ಯತ್ಯಾಸವಿಲ್ಲದ್ದು ಒಂದೇ ಸಮಾಧಾನ. ಚಿಕ್ಕಮ್ಮ ಎರಡು ಗೌನುಗಳನ್ನೂ ಹೊಲಿದಳು. ಕಾಗದದ್ದಕ್ಕೆ ಹೊಲಿಗೆ ದೂರದೂರ ಹಾಕಿದಳು, ಹತ್ತಿರ ಹಾಕಿದರೆ ಟಿಕೆಟ್ಟಿನ ಹಾಗೆ ಹರಿದು ಬರುತ್ತದೆ. ಜಾಹೀರಾತಿನವರು ಬಂದು ಪಿನ್ನಿನ ತೂತುಗಳನ್ನೂ ಸೀಮೆಸುಣ್ಣದ ಕಲೆಯನ್ನೂ ಬಹಳ ಹೊತ್ತು ನೋಡಿದರು. "ಹಳೇದು ಅನ್ನಿಸ್ಲಿ ಅಂತ ಮಾಡಿದೀರಾ? ಭಲೇ!" ಎಂದು ಹೊತ್ತುಕೊಂಡು ಹೋದರು. ಚಿಕ್ಕಮ್ಮನ ಗಮನವೆಲ್ಲ ಬಾಗಿಲ ಮೇಲಿತ್ತು. ಸ್ವಲ್ಪ ಹೊತ್ತಿಗೆ ಹಲ್ಲಿನ ಡಾಕ್ಟರು ಬಂದರು.

ಅವರು ಗೌನು ಬಿಡಿಸಿ ಎತ್ತಿ ಹಿಡಿಯುವಷ್ಟರಲ್ಲಿ ಚಿಕ್ಕಮ್ಮನ ಕೈ ನನ್ನ ಹೆಗಲ ಮೇಲೆ ಬಂತು.

"ಇವಳು ಕತ್ತರಿಸಿದ್ದು ಡಾಕ್ಟ್ರೇ. ನಮ್ಮಕ್ಕನ ಮಗಳು. ಇನ್ನೂ ಕಲೀತಾ ಇದಾಳೆ."

ನಾನು ನೆಲ ನೋಡಿದೆ. ನೆಲ ನೋಡುವುದು ನನಗೆ ಚೆನ್ನಾಗಿ ಬರುತ್ತದೆ. ಬಟ್ಟೆ ಕೆಡಿಸಿದವಳೆಂಬ ಹೆಸರು ಬಂದ ಮೇಲೆ ಬಟ್ಟೆಯ ಕತ್ತರಿ ಈ ಜನ್ಮಕ್ಕೆ ಸಿಗುವುದಿಲ್ಲ ಎಂಬುದು ನೆಲದ ಮೇಲೆ ಬರೆದಷ್ಟು ಸ್ಪಷ್ಟವಾಗಿತ್ತು.

ಡಾಕ್ಟರು ಪರದೆಯ ಹಿಂದೆ ಹೋದರು. ಆಮೇಲೆ ಬಂದು ಕನ್ನಡಿಯ ಮುಂದೆ ನಿಂತರು.

"ನಾನು ಸಾದಾ ಕೇಳಿದ್ದೆ."

"ಹೌದು ಡಾಕ್ಟ್ರೇ," ಎಂದಳು ಚಿಕ್ಕಮ್ಮ.

"ಎಲ್ಲ ಕಡೆ ಸಾದಾನೇ ಕೇಳ್ತೀನಿ. ಎಲ್ರೂ ಕೊಟ್ಟೂಬಿಡ್ತಾರೆ." ತೋಳೆತ್ತಿ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದರು. "ಬಿಗಿಯಿಲ್ಲ. ಹಲ್ಲು ಕೀಳೋಕೂ ಅಡ್ಡಿ ಇಲ್ಲ." ಅತ್ತ ತಿರುಗಿದರು, ಇತ್ತ ತಿರುಗಿದರು. "ಮನೇಲಿ ಇನ್ನೊಂದು ಬಟ್ಟೆ ಇದೆ, ನಾಳೆ ತರ್ತೀನಿ. ಇವಳೇ ಕತ್ತರಿಸ್ಲಿ. ನೀವು ತಪ್ಪು ತಿಳ್ಕೋಬೇಡಿ."

ಚಿಕ್ಕಮ್ಮ ಬಾಯಿ ತೆರೆದಳು. ಕತ್ತರಿಸಿದ್ದು ತಾನು ಎನ್ನಬೇಕಾದರೆ ಹೇಳಿದ್ದು ಸುಳ್ಳು ಎಂದೂ ಹೇಳಬೇಕಿತ್ತು. ಪಿನ್ನು ನುಂಗಿದವರ ಹಾಗೆ ಬಾಯಿ ಮುಚ್ಚಿದಳು. ಡಾಕ್ಟರು ಗೌನು ಬಿಚ್ಚದೆ ಹಾಗೇ ಹೊರಟುಹೋದರು.

"ಕತ್ತರಿಸಿದ್ದು ನಾನು," ಎಂದಳು ಚಿಕ್ಕಮ್ಮ.

"ಹೌದು ಚಿಕ್ಕಮ್ಮ."

"ನಿನಗೊಬ್ಬಳಿಗೆ ಗೊತ್ತಿದ್ರೆ ಸಾಕು."

ಮರುದಿನ ಬಂದದ್ದು ಕಂದು ಬಟ್ಟೆ. ಚಿಕ್ಕಮ್ಮ ಅದನ್ನು ಮೇಜಿನ ಮೇಲೆ ಹಾಸಿ, ಸುಕ್ಕು ನೀವಿ, ತನ್ನ ಕತ್ತರಿಯನ್ನು ಅದರ ಪಕ್ಕದಲ್ಲಿಟ್ಟು ದೂರ ನಿಂತಳು. ನಾನು ಹೊಸದಾಗಿ ಕತ್ತರಿಸಿದ ಪೇಪರಿಟ್ಟು, ಪಿನ್ನು ಚುಚ್ಚಿ, ಗುರುತು ಹಾಕಿ ಶುರುಮಾಡಿದೆ. ಬಟ್ಟೆ ಕಾಗದದ ಹಾಗೆ ಗಲಾಟೆ ಮಾಡುವುದಿಲ್ಲ. ನೋಡಿದರೆ ಆಗಲೇ ಅರ್ಧ ಬೆನ್ನು ಮುಗಿದಿತ್ತು.

"ಉಸಿರು ಬಿಡೇ," ಎಂದಳು ಚಿಕ್ಕಮ್ಮ.

ಉಸಿರು ಕಟ್ಟಿಕೊಂಡಿದ್ದವಳು ಅವಳು.